ಕಟ್ಟಿಸಿದ ಹಲ್ಲು, ಹತ್ತಿಯ ಕಾಳು

ಹುಬ್ಬಳ್ಳಿಯ ಹಲ್ಲಿನ ಡಾಕ್ಟರು ನನ್ನ ಬಾಯಲ್ಲಿ ಹೊಸ ಸೆಟ್ಟು ಕೂರಿಸಿ, ಕೈಗನ್ನಡಿ ಹಿಡಿದು, “ಈಗ ಸ್ವಲ್ಪ ನಗ್ರಿ ನೋಡೂಣು” ಎಂದರು. ನನಗೆ ನಗು ಬರಲಿಲ್ಲ. ಕನ್ನಡಿಯೊಳಗೆ ಯಾರೋ ಮುದುಕ ಮದುಮಗನ ಹಲ್ಲು ಇಟ್ಟುಕೊಂಡು ಕೂತಿದ್ದ. ನಾನು ಕೇಳಿದ್ದು ಒಂದೇ ಮಾತು: “ಇದರಿಂದ ಹತ್ತಿಕಾಳು ಕಡಿಯಾಕ ಬರ್ತೈತೇನ್ರಿ?” ಡಾಕ್ಟರು ನನ್ನ ಮುಖವನ್ನೇ ನೋಡಿದರು. “ಹತ್ತಿಕಾಳು ಎಮ್ಮಿ ತಿಂತಾವ್ರಿ. ನೀವು ಮೆತ್ತನ್ನ ಚಪಾತಿ ತಿನ್ರಿ” ಎಂದರು.

ಅವರ ತಪ್ಪಿಲ್ಲ. ನನ್ನ ಹೊಟ್ಟೆಪಾಡು ಹಲ್ಲಿನ ಮೇಲೆ ನಿಂತಿದೆಯೆಂದು ಅವರಿಗೇನು ಗೊತ್ತು.

ಎಂಬತ್ತರ ದಶಕದ ನಡುವಿನ ಮಾತು. ನವಲಗುಂದದಿಂದ ಅಣ್ಣಿಗೇರಿ ಕಡೆಗೆ ಹೋಗುವ ರಸ್ತೆಯ ಮೇಲೆ ನಮ್ಮ ಜಿನ್ನು ಇತ್ತು. ರೈತರು ಬಿಡಿಸಿ ತಂದ ಹತ್ತಿಯನ್ನು ಕೊಂಡು, ಕಾಳು ಬೇರೆ, ಅರಳೆ ಬೇರೆ ಮಾಡುವ ಕಾರ್ಖಾನೆ. ಪಾಲುದಾರರು ನಾವು ಮೂವರು. ಉಳಿದಿಬ್ಬರು ಹುಬ್ಬಳ್ಳಿಯಲ್ಲಿದ್ದು ವಾರಕ್ಕೊಮ್ಮೆ ಬಂದು ಹೋಗುವವರು. ದಿನಾ ಗಾದಿಯ ಮೇಲೆ ಕೂತು ನಡೆಸುವವನು ನಾನು. ನಮ್ಮ ತಂದೆ ಕೂತಿದ್ದ ಗಾದಿ ಅದು, ಅವರ ಹಿಂದೆ ನನಗೆ ಬಂತು.

ಹತ್ತಿ ಕೊಳ್ಳುವವನಿಗೆ ಮುಖ್ಯವಾಗಿ ಗೊತ್ತಾಗಬೇಕಾದದ್ದು ಅದು ಒಣಗಿದೆಯೋ ಹಸಿಯೋ ಎಂಬುದು. ಹಸಿ ಹತ್ತಿಯನ್ನು ಗೋದಾಮಿನಲ್ಲಿ ರಾಶಿ ಹಾಕಿದರೆ ಅದು ತನ್ನಷ್ಟಕ್ಕೆ ಬಿಸಿಯೇರಿ ಕಾಯುತ್ತದೆ. ವಾರದೊಳಗೆ ಅರಳೆ ಹಳದಿಯಾಗುತ್ತದೆ, ಕಾಳು ಸಾಯುತ್ತದೆ. ಅದಕ್ಕೆ ನಮ್ಮಲ್ಲಿದ್ದ ಪರೀಕ್ಷೆ ಒಂದೇ. ಹತ್ತಿ ತುಂಬಿದ ದೊಡ್ಡ ಗೋಣಿಯ ನಡುವಿನಿಂದ ಒಂದು ಹಿಡಿ ಎಳೆದು, ಅದರಿಂದ ಒಂದು ಕಾಳು ಬಿಡಿಸಿ, ಹಲ್ಲಿನಿಂದ ಕಡಿಯುವುದು. ಒಣಗಿದ ಕಾಳು ಕಟ್ ಎಂದು ಒಡೆಯುತ್ತದೆ, ಆ ಸದ್ದು ದವಡೆಯಿಂದ ಕಿವಿಗೆ ಹತ್ತುತ್ತದೆ. ಹಸಿ ಕಾಳು ಚಪ್ಪಟೆಯಾಗಿ ಹಲ್ಲಿಗೆ ಅಂಟಿಕೊಳ್ಳುತ್ತದೆ. ನಾನು ಕಡಿದು “ಒಣಗೈತಿ, ಇಳಸ್ರಿ” ಎಂದರೆ ಚಕ್ಕಡಿಯಿಂದ ಹತ್ತಿ ಇಳಿಯುತ್ತಿತ್ತು. “ಹಸಿ ಐತಿ, ಬಿಸಲಿಗೆ ಹಾಕಿ ನಾಳೆ ತರ್ರಿ” ಎಂದರೆ ಚಕ್ಕಡಿ ತಿರುಗುತ್ತಿತ್ತು. ಯಾರೂ ಎದುರಾಡುತ್ತಿರಲಿಲ್ಲ. ಸಂಶಿಯ ಕಡೆಯ ರೈತರು ದಾರಿಯಲ್ಲಿ ಬೇರೆ ಜಿನ್ನುಗಳನ್ನು ಬಿಟ್ಟು ನಮ್ಮಲ್ಲಿಗೆ ಬರುತ್ತಿದ್ದರು. ಹಸಿಯ ನೆಪ ಹೇಳಿ ಅಲ್ಲಿ ಮೋಸ ಮಾಡುವುದಿಲ್ಲ, ಆ ಸಾವಕಾರರ ಹಲ್ಲು ಸುಳ್ಳಾಡುವುದಿಲ್ಲ ಎಂದು ನಮ್ಮ ತಂದೆಯ ಕಾಲದಿಂದ ಬಂದ ಮಾತಿತ್ತು. ಆ ಮಾತೇ ನಮ್ಮ ಕಾರ್ಖಾನೆಯ ಬಂಡವಾಳ.

ಆ ಹಲ್ಲು ಎರಡು ವರ್ಷದಲ್ಲಿ ಒಂದೊಂದಾಗಿ ನನ್ನನ್ನು ಬಿಟ್ಟು ಹೋದವು. ವಸಡು ಕೆಟ್ಟಿತ್ತು, ತಂಬಾಕು ತನ್ನ ಕೆಲಸ ಮಾಡಿತ್ತು. ಉಳಿದ ನಾಲ್ಕನ್ನು ಡಾಕ್ಟರು ಕಿತ್ತರು. ಹೊಟ್ಟೆನೋವಿನ ಔಷಧಕ್ಕೆ ಹೋಗುತ್ತೇನೆಂದು ಜಿನ್ನಿನಲ್ಲಿ ಹೇಳಿ ಹುಬ್ಬಳ್ಳಿಗೆ ಓಡಾಡಿದೆ. ಮೀಸೆಯನ್ನು ತುಟಿಯ ಮೇಲೆ ಇಳಿಬಿಟ್ಟೆ. ಗೊತ್ತಿದ್ದವಳು ನನ್ನ ಹೆಂಡತಿ ಒಬ್ಬಳೇ, ಅಥವಾ ನಾನು ಹಾಗೆ ತಿಳಿದಿದ್ದೆ.

ಹೊಸ ಹಲ್ಲಿನಿಂದ ಮೊದಲ ಕಾಳು ಕಡಿದ ದಿನ ಇವತ್ತಿಗೂ ನೆನಪಿದೆ. ಕಾಳು ಜಾರಿ ನಾಲಿಗೆಯ ಕೆಳಗೆ ಹೋಯಿತು. ಮತ್ತೆ ಹಿಡಿದು ಕಡಿದೆ. ಟಕ್ ಎಂದಿತು. ಕಾಳು ಒಡೆಯಿತೋ, ಸೆಟ್ಟೇ ಸದ್ದು ಮಾಡಿತೋ ತಿಳಿಯಲಿಲ್ಲ. ಪಕ್ಕದ ಮನೆಯಲ್ಲಿ ಯಾರೋ ಏನನ್ನೋ ಕಡಿದಷ್ಟು ದೂರದಲ್ಲಿತ್ತು ಅದು. ತಲೆ ಎತ್ತಿದರೆ ಸುತ್ತ ನಿಂತ ಇಪ್ಪತ್ತು ಮಂದಿ ನನ್ನ ಬಾಯಿಯನ್ನೇ ನೋಡುತ್ತಿದ್ದರು. “ಒಣಗೈತಿ” ಎಂದುಬಿಟ್ಟೆ.

ಅವತ್ತೇ ಹೇಳಬಹುದಿತ್ತು. “ನನ್ನ ಹಲ್ಲು ಹೋಗ್ಯಾವು, ಇನ್ನ ಬ್ಯಾರೇದವ್ರು ಯಾರರ ನೋಡ್ರಿ” ಎಂದು ನಾಲ್ಕು ಮಾತು. ಹೇಳಲಿಲ್ಲ. ಕಾರ್ಖಾನೆಯ ಹೆಸರು ಹೋಗುತ್ತದೆ, ನೂರಾರು ರೈತರ ನಂಬಿಕೆ ಹೋಗುತ್ತದೆ, ಕೂಲಿಯವರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ ಎಂದು ನನಗೆ ನಾನೇ ಭಾಷಣ ಮಾಡಿಕೊಂಡೆ. ನಾಲ್ಕು ಮಂದಿಯನ್ನು ನಡೆಸುವವನಿಗೆ ಇದೊಂದು ಸುಖ. ತನ್ನ ಅಂಜಿಕೆಗೆ ಊರಿನ ಹಿತದ ಹೆಸರಿಡಬಹುದು.

ಆಮೇಲೆ ಆಟ ಸುರುವಾಯಿತು. ಕಾಳು ಕಡಿಯುವ ಶಾಸ್ತ್ರ ಮಾಡುತ್ತಿದ್ದೆ, ನೋಡುತ್ತಿದ್ದದ್ದು ರೈತನ ಮುಖವನ್ನು. ಕಣ್ಣು ತಪ್ಪಿಸಿದರೆ ಹಸಿ. ಬೀಡಿ ಹಚ್ಚುವ ಕೈ ನಡುಗಿದರೆ ಹಸಿ. ಯಾವ ಊರಿಗೆ ಹಿಂದಿನ ದಿನ ಮಳೆ ಬಿದ್ದಿದೆ ಎಂದು ಬಸ್ಸಿನ ಕಂಡಕ್ಟರನನ್ನು ಕೇಳಿಟ್ಟುಕೊಳ್ಳುತ್ತಿದ್ದೆ. ಪಾಲುದಾರರೊಬ್ಬರು ಹಸಿ ಅಳೆಯುವ ಯಂತ್ರ ಬಂದಿದೆ, ತರಿಸೋಣ ಎಂದರು. “ಯಂತ್ರಕ್ಕ ಬಾಯಿ ರುಚಿ ಗೊತ್ತೇನ್ರಿ?” ಎಂದು ತಮಾಷೆ ಮಾಡಿ ಅದನ್ನು ಹಾರಿಸಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ತುಟಿ ಬಿಗಿಹಿಡಿದು.

ವಿಚಿತ್ರವೆಂದರೆ ಆ ಹಂಗಾಮು ಪೂರ್ತಿ ಒಂದು ರಾಶಿಯೂ ಕಾಯಲಿಲ್ಲ. ಮೊದಮೊದಲು ಆಶ್ಚರ್ಯವಾಯಿತು. ಆಮೇಲೆ ಸೊಕ್ಕು ಬಂತು. ಕೌಶಲವೆಂಬುದು ಹಲ್ಲಿನಲ್ಲಿ ಇರಲೇ ಇಲ್ಲ, ನನ್ನ ತಲೆಯಲ್ಲಿತ್ತು ಎಂದುಕೊಂಡೆ. ಕುಂದಗೋಳದಲ್ಲಿ ಹೊಸದಾಗಿ ಜಿನ್ನು ಹಾಕಿದ ಹುಡುಗನೊಬ್ಬ ಸಲಹೆ ಕೇಳಲು ಬಂದಾಗ, ಮನುಷ್ಯರನ್ನು ಓದಲು ಕಲಿ ಎಂದು ಅರ್ಧ ತಾಸು ಕೊರೆದೆ. ಪಾಪ, ಅವನು ತಲೆದೂಗುತ್ತ ಕೇಳಿಸಿಕೊಂಡ.

ಈಗ ಮುಕಾದಮನ ಮಾತು. ಹಮಾಲರ ಮುಖ್ಯಸ್ಥನನ್ನು ನಾವು ಹಾಗೆ ಕರೆಯುತ್ತೇವೆ. ನಮ್ಮ ತಂದೆಯ ಕಾಲದಲ್ಲಿ ಹಮಾಲನಾಗಿ ಬಂದವನು, ನನ್ನದೇ ವಯಸ್ಸು. ಹತ್ತಿ ತೂಗಿಸುವುದು, ಇಳಿಸುವುದು, ರಾಶಿ ಹಾಕಿಸುವುದು, ಗೋದಾಮಿನ ಕೀಲಿಕೈ, ಎಲ್ಲ ಅವನದೇ. ಮಾತು ಕಡಿಮೆ. ಬಾಯಲ್ಲಿ ಯಾವಾಗಲೂ ಒಂದು ಬೇವಿನ ಕಡ್ಡಿ. ಆ ವಯಸ್ಸಿಗೂ ಕಬ್ಬನ್ನು ಗಿಣ್ಣಿನ ಸಮೇತ ಸಿಗಿಯುವ ಹಲ್ಲು. ನಾನು ಕಾಳು ಕಡಿಯುವಾಗ ನನ್ನ ಬೆನ್ನ ಹಿಂದೆ ನಿಂತಿರುತ್ತಿದ್ದ. ಅವನು ಅಲ್ಲಿ ಯಾಕೆ ನಿಲ್ಲುತ್ತಾನೆ ಎಂದು ನಾನು ಯಾವತ್ತೂ ಯೋಚಿಸಲಿಲ್ಲ.

ಮರುವರ್ಷ ಹಂಗಾಮಿನ ಕೊನೆಗೆ, ಬೇಸಿಗೆಯಲ್ಲಿ, ಎರಡು ದಿನ ಅಡ್ಡಮಳೆ ಹೊಡೆಯಿತು. ಅದಾದ ಮೂರನೆಯ ದಿನ ನಮ್ಮ ಬೀಗರು ಮೂರು ಚಕ್ಕಡಿ ಹತ್ತಿ ತಂದರು. ನನ್ನ ಮಗಳನ್ನು ಅವರ ಮಗನಿಗೆ ಕೊಟ್ಟಿದ್ದೆವು. ದೊಡ್ಡ ಒಕ್ಕಲುತನ, ದೊಡ್ಡ ದನಿ. ಬಂದವರೇ ನನ್ನ ಬಾಜು ಗಾದಿಯ ಮೇಲೆ ಕೂತು, ಚಹಾ ಬರುವ ಮೊದಲೇ, “ಅಜ್ಜ ಆಗಾಕತ್ತೀರಿ ಬೀಗರ, ಸಿಹಿ ತರಸ್ರಿ!” ಎಂದರು. ಮಗಳು ಬಸುರಿ. ಪೇಢೆ ತರಿಸಿದೆ, ಹಮಾಲರಿಗೆಲ್ಲ ಹಂಚಿಸಿದೆ. ಆ ಸಂಭ್ರಮದಲ್ಲೇ ಹತ್ತಿ ನೋಡಿದೆ, “ಇಳಸ್ರಿ” ಎಂದೆ. ಚಕ್ಕಡಿ ಖಾಲಿಯಾಗಿ ರಾಶಿ ಬೀಳುವವರೆಗೆ ಬೀಗರು ಗೋದಾಮಿನ ಬಾಗಿಲಲ್ಲೇ ನಿಂತು ಹಮಾಲರ ಜೊತೆ ಹರಟೆ ಹೊಡೆದು ಹೋದರು.

ಒಂಬತ್ತನೆಯ ದಿನ ಹತ್ತಿ ಆರಿಸುವ ಹೆಂಗಸೊಬ್ಬಳು ಆ ರಾಶಿಗೆ ಕೈ ಹಾಕಿ ಚೀರಿ ಹಿಂದಕ್ಕೆ ತೆಗೆದಳು. ಒಲೆಯೊಳಗೆ ಕೈ ಇಟ್ಟಂತಿತ್ತಂತೆ. ರಾಶಿ ಒಡೆದು ನೋಡಿದರೆ ಒಳಗಿನಿಂದ ಹಬೆ ಎದ್ದಿತು. ಹುಳಿ ವಾಸನೆ. ನಡುವಿನ ಹತ್ತಿಯೆಲ್ಲ ಅರಿಸಿನ ಹಚ್ಚಿದ ಹಾಗೆ ಹಳದಿ. ಅದರ ಸುತ್ತ ಹಾಕಿದ್ದ ಬೇರೆ ರೈತರ ಒಳ್ಳೆಯ ಹತ್ತಿಗೂ ಕಾವು ಹತ್ತಿತ್ತು.

ಪಾಲುದಾರರಿಬ್ಬರೂ ಮರುದಿನ ಬಂದರು. ರಾಶಿ ನೋಡಿದರು, ನನ್ನನ್ನು ನೋಡಿದರು. ನನ್ನ ಹಲ್ಲಿನ ಮೇಲೆ ಅವರಿಗೆ ಎಳ್ಳಷ್ಟೂ ಸಂಶಯ ಬರಲಿಲ್ಲ. ನಾನು ಒಣಗಿದೆ ಎಂದ ಮೇಲೆ ಹತ್ತಿ ಒಣಗಿಯೇ ಇತ್ತು. ಹಾಗಾದರೆ ಗೋದಾಮಿನೊಳಗೆ ನೀರು ಬಂದದ್ದು ಹೇಗೆ? ಮಾಡು ಸೋರಿಲ್ಲ. ಕೀಲಿ ಯಾರ ಹತ್ತಿರ ಇರುತ್ತದೆ? ಅರ್ಧ ತಾಸಿನಲ್ಲಿ ಅವರು ಕಥೆ ಕಟ್ಟಿ ಮುಗಿಸಿದ್ದರು: ಮುಕಾದಮ ಒಣ ಹತ್ತಿ ಕದ್ದು ಮಾರಿದ್ದಾನೆ, ತೂಕ ತುಂಬಿಸಲು ರಾಶಿಗೆ ನೀರು ಹೊಡೆದಿದ್ದಾನೆ. ಹತ್ತಿಯ ಧಂದೆಯಲ್ಲಿ ನಡೆಯದ ಮಾತೇನಲ್ಲ ಅದು.

ಅವನನ್ನು ಕರೆಸಿದರು. ನಾನೂ ಅಲ್ಲೇ ಕೂತಿದ್ದೆ.

“ಏನ್ ಹೇಳ್ತಿ?” ಎಂದು ಒಬ್ಬರು ಕೇಳಿದರು.

“ನಾ ನೀರು ಹೊಡದಿಲ್ರಿ,” ಎಂದ.

“ಮತ್ತ ಹಸಿ ಎಲ್ಲಿಂದ ಬಂತು?”

ಅವನು ನನ್ನ ಕಡೆಗೆ ನೋಡಿದ. ಒಂದೇ ಸಲ. ಬೇಡುವ ನೋಟವಾಗಿರಲಿಲ್ಲ, ಬೈಯುವ ನೋಟವೂ ಅಲ್ಲ. ಬಸ್ಸು ಬಂತೋ ಇಲ್ಲವೋ ಎಂದು ರಸ್ತೆಯ ಕಡೆ ನೋಡುತ್ತಾರಲ್ಲ, ಹಾಗೆ. ನಾನು ಮೇಜಿನ ಮೇಲಿನ ಎಲೆ ಅಡಿಕೆಯ ತಾಟನ್ನು ಆಚೆ ಈಚೆ ಸರಿಸಿದೆ. ಅವನು ಸೊಂಟದಿಂದ ಕೀಲಿಕೈ ಬಿಚ್ಚಿ ಹೊಸ್ತಿಲ ಮೇಲಿಟ್ಟು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ.

ಎಂಟು ದಿನ ನಾನು ಮನುಷ್ಯನಾಗಿರಲಿಲ್ಲ. ಊಟ ಸೇರಲಿಲ್ಲ, ಲಿಂಗಪೂಜೆಗೆ ಕೂತರೆ ಕೈ ತನ್ನಷ್ಟಕ್ಕೆ ವಿಭೂತಿ ಹಚ್ಚುತ್ತಿತ್ತು, ಮನಸ್ಸು ಆ ಹೊಸ್ತಿಲ ಮೇಲಿನ ಕೀಲಿಕೈಯ ಹತ್ತಿರ ಇರುತ್ತಿತ್ತು. ನನಗೆ ನನ್ನ ಮೇಲೆ ಹೇಸಿಗೆ ಬಂದಿತ್ತು. ಒಂಬತ್ತನೆಯ ದಿನ ಬೆಳಿಗ್ಗೆ ಬಸ್ಸು ಹತ್ತಿ ಯಮನೂರಿಗೆ ಹೋದೆ. ಅವನ ಮನೆ ಅಲ್ಲಿ, ದರ್ಗಾಕ್ಕೆ ಹೋಗುವ ದಾರಿಯ ಬಾಜು. ಅವನು ನಮ್ಮಲ್ಲಿ ದುಡಿದ ಅಷ್ಟು ವರ್ಷದಲ್ಲಿ ನಾನು ಆ ಮನೆಗೆ ಕಾಲಿಟ್ಟದ್ದು ಅದೇ ಮೊದಲು.

ಅವನು ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಎದ್ದು, “ಬರ್ರಿ ಸಾವಕಾರ್ರ” ಎಂದು ಕಂಬಳಿ ಹಾಸಿದ. ಅಷ್ಟೇ. ಬಂದ ಕಾರಣ ಕೇಳಲಿಲ್ಲ. ನಾನೂ ಹೇಳಲಾರದೆ ಮಳೆಯ ಮಾತು, ಎತ್ತಿನ ಮಾತು ಆಡುತ್ತ ಕೂತೆ. ಊಟದ ಹೊತ್ತಾಯಿತು. ಅವನ ಹೆಂಡತಿ ಇಬ್ಬರಿಗೂ ತಾಟು ತಂದಿಟ್ಟಳು. ಅವನ ತಾಟಿನಲ್ಲಿ ಜೋಳದ ಕಡಕ್ ರೊಟ್ಟಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ. ನನ್ನ ತಾಟಿನಲ್ಲಿ ಅದೇ ರೊಟ್ಟಿಯನ್ನು ಸಣ್ಣಗೆ ಮುರಿದು, ಬೇಳೆಯ ಸಾರಿನಲ್ಲಿ ಚೆನ್ನಾಗಿ ನೆನೆಸಿಟ್ಟಿದ್ದಳು. ಉಳ್ಳಾಗಡ್ಡಿ ಇರಲಿಲ್ಲ.

ಕೈ ತಾಟಿನ ಮೇಲೆಯೇ ನಿಂತಿತು.

“ತಂಗಿ, ನಿನಗ ಹೆಂಗ ಗೊತ್ತಾತು?” ಎಂದೆ.

ಅವಳು ಗಂಡನ ಮುಖ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, “ಜಿನ್ನಿನಾಗ ಎಲ್ಲಾರಿಗೂ ಗೊತ್ತೈತ್ರಿ ಅಣ್ಣಾರ. ಹೋದ ವರ್ಷದಿಂದ ಗೊತ್ತೈತಿ. ನೀವು ಬ್ಯಾಸರ ಮಾಡ್ಕೋತೀರಿ ಅಂತ ಯಾರೂ ಅನ್ನಂಗಿಲ್ಲ” ಎಂದಳು.

ಅವತ್ತು ಆ ಅಂಗಳದಲ್ಲಿ ನನ್ನ ಹಿಂದಿನ ವರ್ಷದ ಲೆಕ್ಕವೆಲ್ಲ ತಿರುವುಮುರುವಾಯಿತು. ಮುಕಾದಮನ ಬಾಯಿಂದ ಒಂದೊಂದೇ ಮಾತು ಎಳೆದು ಹೊರಗೆ ತೆಗೆದೆ. ನಾನು ಒಣಗಿದೆ ಎಂದ ಪ್ರತಿಯೊಂದು ಚಕ್ಕಡಿಯನ್ನು ಅವನು ನನ್ನ ಬೆನ್ನ ಹಿಂದೆ ಮತ್ತೊಮ್ಮೆ ಕಡಿದು ನೋಡುತ್ತಿದ್ದ. ಹಸಿ ಇದ್ದದ್ದನ್ನು ಗೋದಾಮಿಗೆ ಸೇರಿಸದೆ ಹಿಂದಿನ ಬಯಲಲ್ಲಿ ಹರವಿ, ಒಣಗಿದ ಮೇಲೆ ರಾಶಿಗೆ ಹಾಕಿಸುತ್ತಿದ್ದ. ಒಬ್ಬ ವಿಧವೆಯ ಚಕ್ಕಡಿಯನ್ನು ನಾನು ಹಸಿಯೆಂದು ತಿರುಗಿಸಿದ್ದೆ, ಮರುದಿನ ಅವಳು ತಂದಾಗ “ನೋಡ್ರಿ, ಈಗ ಹೆಂಗ ಒಣಗೈತಿ” ಎಂದು ಬೀಗಿದ್ದೆ. ಅದು ಮೊದಲಿನ ದಿನವೂ ಒಣಗಿಯೇ ಇತ್ತು. ಬೇವಿನ ಗಿಡದ ಕೆಳಗೆ ಒಂದು ದಿನ ಸುಮ್ಮನೆ ನಿಂತಿದ್ದು ಅದೇ ಹತ್ತಿ ತೆಗೆದುಕೊಂಡು ಬಾ ಎಂದು ಅವಳಿಗೆ ಹೇಳಿದವನು ಇವನು. ನಾನು ಮನುಷ್ಯರನ್ನು ಓದುತ್ತಿದ್ದೇನೆ ಎಂದುಕೊಂಡಿದ್ದೆ. ಅವರೆಲ್ಲ ನನ್ನನ್ನು ಓದಿ ಮಡಚಿ ಇಟ್ಟುಬಿಟ್ಟಿದ್ದರು.

“ನನಗ ಯಾಕ ಹೇಳಲಿಲ್ಲೋ?” ಎಂದೆ. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ.

“ನೀವು ಕೇಳಲಿಲ್ರಿ,” ಎಂದ.

ನೆನೆಸಿದ ರೊಟ್ಟಿ ಪೂರ್ತಿ ಉಂಡೆ. ಬಿಡುವ ಧೈರ್ಯವಾಗಲಿಲ್ಲ. ಏಳುವಾಗ, “ನಾಳೆ ಜಿನ್ನಿಗೆ ಬಾ. ಪಾಲುದಾರ್ರನ್ನ ಕರಸ್ತೇನಿ. ಎಲ್ಲಾರ ಮುಂದ ಹೇಳ್ತೇನಿ” ಎಂದೆ. ಅವನು ತಲೆಯಾಡಿಸಿದ.

ಮರುದಿನ ಹೇಳಿದೆ. ಪಾಲುದಾರರಿಬ್ಬರು ಗಾದಿಯ ಮೇಲೆ, ಬಾಗಿಲಲ್ಲಿ ಹಮಾಲರು, ಕಿಟಕಿಯ ಹೊರಗೆ ಸರದಿ ಕಾಯುತ್ತಿದ್ದ ರೈತರು, ಗೋಡೆಗೆ ಒರಗಿ ಮುಕಾದಮ. ನಾನು ಮೇಲಿನ ಸೆಟ್ಟು, ಕೆಳಗಿನ ಸೆಟ್ಟು ಎರಡೂ ತೆಗೆದು ಕರವಸ್ತ್ರದ ಮೇಲಿಟ್ಟೆ. “ನನ್ನ ಹಲ್ಲು ಹೋಗಿ ಎರಡ ವರ್ಷಾತು. ಹಸಿ, ಒಣಾ ನನಗ ತಿಳಿಯೂದಿಲ್ಲ. ಆ ಹತ್ತಿ ಹಸೀನ ಇತ್ತು. ತಪ್ಪು ನಂದು” ಎಂದೆ. ಹಲ್ಲಿಲ್ಲದ ಬಾಯಿಂದ ಬರೀ ಗಾಳಿ ಹೋಯಿತು. ಹಿರಿಯ ಪಾಲುದಾರರು “ಏನಂದ್ರಿ?” ಎಂದು ಮುಂದೆ ಬಾಗಿದರು. ಪೂರ್ತಿ ಮತ್ತೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವಾಗ ಕಣ್ಣಲ್ಲಿ ನೀರು ಬಂತು, ನಿಜ ಹೇಳುತ್ತೇನೆ, ಅದರಲ್ಲಿ ಸ್ವಲ್ಪ ಸುಖವೂ ಇತ್ತು.

ಯಾರೂ ನಗಲಿಲ್ಲ. ಹಿರಿಯ ಪಾಲುದಾರರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ಎಂಥಾ ದೊಡ್ಡ ಮನಸ್ಸು ನಿಮ್ದು” ಎಂದರು. ಕಿಟಕಿಯ ಹೊರಗಿನಿಂದ ಯಾರೋ “ಭೇಷ್” ಎಂದರು. ಮುಕಾದಮನಿಗೆ ಕೀಲಿಕೈ ವಾಪಸು ಕೊಡಿಸಿದರು. ಇನ್ನು ಮುಂದೆ ಕಾಳು ಕಡಿಯುವವನು ಅವನೇ ಎಂದು ನಾನು ಎಲ್ಲರೆದುರು ಹೇಳಿದೆ. ಮೈ ಹಗುರಾಯಿತು. ಊರು ತುಂಬ ಕರೆದು ಊಟ ಹಾಕಿಸಬೇಕು ಅನ್ನುವಷ್ಟು ಹಗುರ.

ಮಂದಿ ಚದುರಿದ ಮೇಲೆ ಮುಕಾದಮ ತೂಕದ ಕಾಟಾದ ಹತ್ತಿರ ನಿಂತಿದ್ದ. ನಾನು ಹೋಗಿ ಭುಜದ ಮೇಲೆ ಕೈಯಿಟ್ಟು, “ಈಗ ಸಮಾಧಾನ ಆತೇನು?” ಎಂದೆ. ಎಂಥ ಪ್ರಶ್ನೆ!

ಅವನು ಬಾಯೊಳಗಿನ ಕಡ್ಡಿ ತೆಗೆದ. “ನೀವು ಹೇಳಿದ್ದು ಖರೇನ ಐತ್ರಿ ಸಾವಕಾರ್ರ. ಆದ್ರ ಆ ರಾಶೀದ ಮಾತು ಅದಲ್ಲ.”

“ಮತ್ತೇನು?”

“ಆ ರಾಶಿ ಹಲ್ಲಿಂದ ಕೆಟ್ಟಿದ್ದಲ್ರಿ. ಅವತ್ತ ನೀವು ಕಾಳು ಕಡೀಲೇ ಇಲ್ಲ.”

ನಾನು ಭುಜದಿಂದ ಕೈ ತೆಗೆದೆ.

“ಬೀಗರು ಬಸುರಿ ಸುದ್ದಿ ಹೇಳಾಕತ್ತಿದ್ರು. ನೀವು ಕಾಳು ಬಿಡಿಸಿ ಕೈಯಾಗ ಹಿಡಕೊಂಡ್ರಿ. ನಕ್ಕೋತ ನಕ್ಕೋತ ಆಚೆ ಒಗದು ‘ಇಳಸ್ರಿ’ ಅಂದ್ರಿ. ನಾ ಹಿಂದ ನಿಂತಿದ್ನಲ್ಲ, ನೋಡೇನಿ.”

“ನೀ ಯಾಕ ಕಡಿದು ನೋಡಲಿಲ್ಲ?”

“ಬೀಗರ ಮುಂದ ನಿಮ್ಮ ಮಾತು ತಗದು ಹಾಕ್ಲೇನ್ರಿ? ಅವರು ಬಾಗಲಾ ಬಿಟ್ಟು ಕದಲಲಿಲ್ಲ. ಆಮ್ಯಾಲೆ ಸುತ್ತ ಬ್ಯಾರೇದವ್ರ ಹತ್ತಿ ಬಿತ್ತು.” ನೆಲ ನೋಡುತ್ತ ಸೇರಿಸಿದ: “ಹಲ್ಲಿದ್ದಾಗೂ ನೀವು ಬೀಗರು, ಬಿಜ್ಜರು ಬಂದ್ರ ಕಡೀತಿರಲಿಲ್ರಿ. ಆವಾಗೂ ನಾನ ಹರವತಿದ್ದೆ.”

ಮನುಷ್ಯ ತನ್ನನ್ನು ತಾನು ಎಷ್ಟು ಕಡಿಮೆ ಬಲ್ಲ. ಆ ಕಾಳನ್ನು ನಾನು ಒಗೆದದ್ದು ಅವನು ಹೇಳಿದ ಗಳಿಗೆಯಲ್ಲೇ ನನಗೆ ನೆನಪಾಯಿತು. ಎಡಗೈಯಲ್ಲಿ ಪೇಢೆಯಿತ್ತು. ಬಲಗೈಯ ಹೆಬ್ಬೆರಳಿನಿಂದ ಕಾಳನ್ನು ಚಿಮ್ಮಿದ್ದೆ. ಅದನ್ನು ಮರೆಯಲು ನನಗೆ ಹಲ್ಲಿನ ಕಥೆ ಒಳ್ಳೆಯ ನೆಪವಾಗಿತ್ತು. ಹಲ್ಲು ಹೋಗುವುದು ಯಾರ ತಪ್ಪೂ ಅಲ್ಲ. ಅದನ್ನು ಒಪ್ಪಿಕೊಂಡರೆ ಊರು ಕೈ ಹಿಡಿದು ಹೊಗಳುತ್ತದೆ. ನೆಂಟರ ಹತ್ತಿಯನ್ನು ನೋಡದೆ ಇಳಿಸಿಕೊಂಡೆ ಎಂದರೆ ಯಾರೂ ಹೊಗಳುವುದಿಲ್ಲ.

ಹಾಗಾದರೆ ಪಾಲುದಾರರ ಹಿಂದೆ ಹೋಗಿ ಅದನ್ನೂ ಹೇಳಿದೆನೇ? ಇಲ್ಲ. ಅವರ ಮೋಟಾರು ಇನ್ನೂ ಗೇಟಿನಲ್ಲೇ ಇತ್ತು. ಹತ್ತು ಹೆಜ್ಜೆ. ಮಗಳು ಆ ಮನೆಯಲ್ಲಿದ್ದಾಳೆ, ಬಸುರಿ ಬೇರೆ, ಈಗ ಬೇಡ ಎಂದುಕೊಂಡೆ. ಮೋಟಾರು ಹೋಯಿತು.

ಆಮೇಲಿನ ಒಂದು ವರ್ಷ ನನ್ನ ಬದುಕಿನಲ್ಲೇ ಹೆಚ್ಚು ಮರ್ಯಾದೆಯ ವರ್ಷ. ಹಲ್ಲು ತೆಗೆದಿಟ್ಟು ತಪ್ಪು ಒಪ್ಪಿಕೊಂಡ ಸಾವಕಾರನ ಕಥೆ ಬಸ್ಸಿನಲ್ಲಿ, ಸಂತೆಯಲ್ಲಿ ಓಡಾಡಿತು. ನೋಡದ ಊರುಗಳಿಂದ ಹತ್ತಿ ಬಂತು. ವ್ಯಾಪಾರಸ್ಥರ ಸಭೆಯಲ್ಲಿ ಮಾಲೆ ಹಾಕಿ ಮಾತಾಡಿಸಿದರು. ನಡೆಸುವವನು ಮೊದಲು ತನ್ನ ಕೊರತೆಯನ್ನು ತಾನು ನೋಡಿಕೊಳ್ಳಬೇಕು ಎಂದು ನಾನು ಗಂಭೀರವಾಗಿ ಹೇಳಿದೆ. ಚಪ್ಪಾಳೆ ಬಿತ್ತು. ಮುಕಾದಮ ಹಿಂದಿನ ಸಾಲಿನಲ್ಲಿ ಟವೆಲ್ಲು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ಸಭೆ ಮುಗಿದ ಮೇಲೆ ಹೋಗಿ ಮಾತಾಡಿಸಲು ನನಗೆ ಮುಖವಿರಲಿಲ್ಲ.

ಆ ಕಥೆ ಓಡಾಡುತ್ತ ಓಡಾಡುತ್ತ ಬೇರೆಯದೇ ಆಗಿತ್ತು. ನನಗದು ಗೊತ್ತಾದದ್ದು ಮುಕಾದಮನ ಹೆಂಡತಿಯಿಂದ. ಹಂಗಾಮು ಸುರುವಾದಾಗ ಅವಳು ಹತ್ತಿ ಆರಿಸಲು ನಮ್ಮಲ್ಲಿಗೆ ಬಂದಿದ್ದಳು. ಒಂದು ದಿನ ನಾನು ಸುಮ್ಮನೆ, “ಊರಾಗ ಎಲ್ಲಾ ಆರಾಮೇನವಾ?” ಎಂದೆ. ಅವಳು ಕೈಕೆಲಸ ನಿಲ್ಲಿಸಲಿಲ್ಲ. “ಆರಾಮ ರೀ. ಸಾವಕಾರ್ರು ಹಲ್ಲಿನ ನೆವ ಹೇಳಿ ಕಳ್ಳನ್ನ ಹೊಟ್ಟ್ಯಾಗ ಹಾಕ್ಕೊಂಡ್ರು ಅಂತ ನೀರಿಗೆ ಹೋದಲ್ಲೆ ಅಂತಾರ. ಅಷ್ಟ” ಎಂದಳು.

ಅಂದರೆ ನಾನು ದೊಡ್ಡ ಮನಸ್ಸಿನವನಾದದ್ದು ಅವನು ಕಳ್ಳನಾಗಿ ಉಳಿದದ್ದರಿಂದ. ಹಿರಿಯ ಪಾಲುದಾರರು ಕೈ ಹಿಡಿದುಕೊಂಡದ್ದು ಯಾಕೆಂದು ಆಗ ಅರ್ಥವಾಯಿತು. ಹತ್ತಿ ಮೊದಲೇ ಹಸಿಯಿತ್ತೆಂಬ ನನ್ನ ಮಾತನ್ನು ಅವರು ನಂಬಿರಲೇ ಇಲ್ಲ. ಹಳೆಯ ಆಳನ್ನು ಉಳಿಸಲು ನಾನು ತಪ್ಪನ್ನು ಮೈಮೇಲೆ ಹಾಕಿಕೊಂಡೆ ಎಂದು ತಿಳಿದು ಮೆಚ್ಚಿದ್ದರು. ಮುಕಾದಮನಿಗೆ ಇದೆಲ್ಲ ತಿಂಗಳುಗಟ್ಟಲೆ ಮೊದಲೇ ಗೊತ್ತಿತ್ತು. ದಿನಾ ಬಂದು ನನ್ನ ಬಾಜು ನಿಂತು ಕಾಳು ಕಡಿದು ಹೋಗುತ್ತಿದ್ದ. ಅವನ ತಾಳ್ಮೆ ನೆನೆದರೆ ನನಗೆ ಈಗಲೂ ದಣಿವಾಗುತ್ತದೆ.

ಆ ಬೇಸಿಗೆಯಲ್ಲೂ ಅಡ್ಡಮಳೆ ಬಂತು, ಬೀಗರೂ ಬಂದರು. ಮಗಳನ್ನು, ಐದು ತಿಂಗಳ ಮೊಮ್ಮಗನನ್ನು, ತೊಟ್ಟಿಲು ಕೊಟ್ಟು ಆಗಷ್ಟೇ ಅವರ ಮನೆಗೆ ಕಳಿಸಿದ್ದೆವು. ಬೀಗರು ಗಾದಿಯ ಮೇಲೆ ಕೂತು ಮೊಮ್ಮಗನ ತುಂಟತನ ವರ್ಣಿಸತೊಡಗಿದರು. ಜಿನ್ನಿನ ಅಂಗಳ ತುಂಬ ಚಕ್ಕಡಿ, ಜನ. ಹಿರಿಯ ಪಾಲುದಾರರೂ ಅವತ್ತು ಬಂದಿದ್ದರು. ಮುಕಾದಮ ಬೀಗರ ಚಕ್ಕಡಿಯಿಂದ ಹಿಡಿ ಹತ್ತಿ ಎಳೆದ, ಕಾಳು ಬಿಡಿಸಿದ. ಕಡಿಯಲಿಲ್ಲ. ಅಂಗೈಯಲ್ಲಿಟ್ಟು ನನ್ನ ಮುಂದೆ ಹಿಡಿದ.

“ಇದನ್ನ ನೀವ ಹೇಳ್ರಿ ಸಾವಕಾರ್ರ.”

ಬೀಗರು ನಕ್ಕರು. “ಅವರಿಗೆಲ್ಲಿ ಹಲ್ಲೋ ಮಾರಾಯಾ! ಮನೀ ಹತ್ತಿ, ಇಳಸ ಇಳಸ” ಎಂದರು.

ಆ ಕಾಳು ಅವನ ಅಂಗೈಯಲ್ಲಿ ಬೂದು ಬಣ್ಣಕ್ಕೆ, ನೂಲು ಮೆತ್ತಿಕೊಂಡು ಕೂತಿತ್ತು. ನಾನು ಮಗಳನ್ನು ನೆನೆದೆ. ತೊಟ್ಟಿಲನ್ನೂ ನೆನೆದೆ. ಇನ್ನೊಂದು ಸಲ ನಕ್ಕು ಕೈ ಬೀಸಿದ್ದರೆ ಎಲ್ಲ ಸರಾಗವಾಗಿ ಹೋಗುತ್ತಿತ್ತು, ಅವನು ಎಂದಿನಂತೆ ಹಿಂದಿನ ಬಯಲಲ್ಲಿ ಹರವಿ ಒಣಗಿಸುತ್ತಿದ್ದ. ಆದರೆ ನನಗೆ ಸಾಕಾಗಿತ್ತು. ಒಳ್ಳೆಯವನೆನಿಸಿಕೊಂಡು ಸಾಕಾಗಿತ್ತು.

“ನೀ ಕಡಿ. ಎಲ್ಲಾರಿಗೂ ಕೇಳೂವಂಗ ಹೇಳು” ಎಂದೆ.

ಕಡಿದ. ಸದ್ದೇ ಬರಲಿಲ್ಲ. “ಹಸಿ ಐತ್ರಿ” ಎಂದ.

ಬೀಗರ ನಗು ಅಲ್ಲೇ ನಿಂತಿತು. ನಾನು ಎದ್ದು ನಿಂತು, ಪಾಲುದಾರರ ಕಡೆ ತಿರುಗಿ, ಆದಷ್ಟು ಗಟ್ಟಿಯಾಗಿ ಹೇಳಿದೆ: “ಹ್ವಾದ ವರ್ಷಾನೂ ಇವರ ಹತ್ತಿ ಹಸೀನ ಇತ್ರಿ. ನಾ ಕಾಳು ಕಡೀಲಿಲ್ಲ. ಹಲ್ಲು ಇಲ್ಲಂತ ಅಲ್ಲ, ಬೀಗರಂತ. ಕೆಟ್ಟ ರಾಶಿ ಇವರದ. ಮುಕಾದಮ ಒಂದು ಎಳಿ ಮುಟ್ಟಿಲ್ಲ, ಒಂದು ಹನಿ ನೀರು ಹೊಡದಿಲ್ಲ.”

ಈ ಸಲ ಯಾರೂ ಭೇಷ್ ಎನ್ನಲಿಲ್ಲ. ಹಿರಿಯ ಪಾಲುದಾರರು ಕನ್ನಡಕ ತೆಗೆದು ಒರೆಸಿದರು, ನನ್ನ ಕಡೆ ನೋಡಲಿಲ್ಲ. ರೈತರು ತಮ್ಮತಮ್ಮಲ್ಲಿ ಗುಸುಗುಸು ಮಾಡಿದರು. ಎಷ್ಟೋ ವರ್ಷ ಎಷ್ಟು ನೆಂಟರ ಹತ್ತಿ ಹೀಗೆ ಇಳಿದಿದೆಯೋ ಎಂದು ಅವರು ಎಣಿಸುತ್ತಿದ್ದಿರಬೇಕು, ಅದರಲ್ಲಿ ತಪ್ಪೇನೂ ಇರಲಿಲ್ಲ. ಬೀಗರು ಟೊಪ್ಪಿಗೆ ಹಾಕಿಕೊಂಡು, ಚಹಾ ಅರ್ಧಕ್ಕೆ ಬಿಟ್ಟು, ಚಕ್ಕಡಿ ತಿರುಗಿಸಿಕೊಂಡು ಹೋದರು. ಮುಕಾದಮ ಮುಂದಿನ ಚಕ್ಕಡಿಗೆ ಕೈ ಹಾಕಿದ.

ಆ ವರ್ಷ ನಾಗರ ಪಂಚಮಿಗೆ ಬೀಗರು ಮಗಳನ್ನು ತವರಿಗೆ ಕಳಿಸಲಿಲ್ಲ. ನಾನೇ ಕರೆಯಲು ಹೋಗಿದ್ದೆ. ಅಂಗಳದಲ್ಲೇ ನೀರು ಕೊಟ್ಟು, ಮಳೆಯಲ್ಲಿ ಕೂಸಿಗೆ ಪ್ರಯಾಣ ಆಗುವುದಿಲ್ಲ ಎಂದು ಹೇಳಿ ಕಳಿಸಿದರು. ಕೂಸಿನ ಅಳು ಒಳಗಿನಿಂದ ಕೇಳಿತು. ಮನೆಗೆ ಬಂದರೆ ನನ್ನ ಹೆಂಡತಿ ಮೊಮ್ಮಗನಿಗೆಂದು ತೊಲೆಗೆ ಜೋಕಾಲಿ ಕಟ್ಟಿಸಿಟ್ಟಿದ್ದಳು. ನಾನು ಒಬ್ಬನೇ ಬಂದದ್ದನ್ನು ನೋಡಿ ಅವಳು ಅಡಿಗೆಮನೆಗೆ ಹೋದಳು. ಎಳ್ಳುಂಡಿಯನ್ನು ಹಾಲಿನಲ್ಲಿ ಪುಡಿಮಾಡಿ ಬಟ್ಟಲಲ್ಲಿ ನನ್ನ ಮುಂದಿಟ್ಟಳು.

ಆಮೇಲೆ, “ಹಲ್ಲಿಂದು ಹೇಳಿದ್ರಲ್ರಿ ಎಲ್ಲಾರ ಮುಂದ. ಅದು ಸಾಕಾಗಿರಲಿಲ್ಲೇನು?” ಎಂದಳು.

“ನನಗ ಸಾಕಾಗಿತ್ತು,” ಎಂದೆ. “ಮುಕಾದಮಗ ಆಗಿರಲಿಲ್ಲ.”